ಸದ್ದು ಸಣ್ಣದಾದಾಗ

ನಳಿಗೆ ಸಿಡಿದು ಕೈ ಹೋಯಿತೆಂಬ ಸುದ್ದಿ ಕೇಳಿದರೆ ನಾವು ಮೊದಲು ದೂರುವುದು ಮದ್ದನ್ನು. ಎಷ್ಟೋ ಸಲ ಮದ್ದು ಸರಿಯಾಗಿಯೇ ಇರುತ್ತದೆ, ದಾರಿ ಕಟ್ಟಿರುತ್ತದೆ.

ಹನ್ನೆರಡು ಬೋರಿನ ಕೋವಿಯ ನಳಿಗೆಯ ಒಳವ್ಯಾಸ ಸುಮಾರು 18.5 ಮಿಲಿಮೀಟರ್. ಮದ್ದು ಹೊತ್ತಿದಾಗ ಒತ್ತಡ ಅತಿ ಹೆಚ್ಚಾಗುವುದು ತೋಟಾ ಕೂರುವ ಹಿಂಭಾಗದಲ್ಲಿ. ಅದಕ್ಕೇ ಅಲ್ಲಿ ಉಕ್ಕು ದಪ್ಪ. ಚರೆ ಮುಂದೋಡಿದಂತೆ ಒತ್ತಡ ಇಳಿಯುತ್ತದೆ, ನಳಿಗೆಯೂ ತೆಳುವಾಗುತ್ತದೆ. ಬದುವಿನಲ್ಲಿ ಜಾರಿದಾಗ ಮೂತಿಗೆ ಹೊಕ್ಕ ಒಂದಿಷ್ಟು ಕೆಸರು ಸಾಕು, ಈ ಲೆಕ್ಕವೆಲ್ಲ ಕೆಡಲು. ಓಡಿ ಬಂದ ಚರೆಗೆ ಅಡ್ಡಿ, ಹಿಂದಿನಿಂದ ಅನಿಲದ ನೂಕು. ತೆಳು ಉಕ್ಕು ಉಬ್ಬುತ್ತದೆ, ಇಲ್ಲವೇ ಸೀಳುತ್ತದೆ. ಇಪ್ಪತ್ತು ಬೋರಿನ ತೋಟಾ ಇನ್ನೂ ಅಪಾಯದ್ದು. ಗಾತ್ರದಲ್ಲಿ ಚಿಕ್ಕದಾದ ಅದನ್ನು ಹನ್ನೆರಡು ಬೋರಿನ ಕೋವಿಗೆ ಹಾಕಿದರೆ ಒಳಕ್ಕೆ ಜಾರಿ ಸಿಕ್ಕಿಕೊಳ್ಳುತ್ತದೆ. ಖಾಲಿ ಇದೆಯೆಂದು ಹಿಂದೆ ಇನ್ನೊಂದು ತುಂಬಿ ಹೊಡೆದರೆ, ಸಿಡಿಯುವುದು ಎಡಗೈ ಹಿಡಿದಿರುವ ಜಾಗದ ಆಸುಪಾಸಿನಲ್ಲಿ. ಇಪ್ಪತ್ತು ಬೋರಿನ ತೋಟಾಗಳಿಗೆ ಹಳದಿ ಬಣ್ಣ ಕೊಡುವ ರೂಢಿ ಬಂದದ್ದು ಈ ಗೊಂದಲ ತಪ್ಪಲೆಂದೇ.

ನನ್ನನ್ನು ಹೆಚ್ಚು ಕಾಡುವುದು ಮೂರನೆಯ ಬಗೆ. ಕೊಡಗಿನಲ್ಲಿ ಆಯುಧಗಳ ಹಬ್ಬವಾದ ಕೈಲ್ ಪೊಳ್ದಿನಂದು ಕೋವಿಗಳನ್ನು ಒರೆಸಿ, ತೋಕ್ ಪೂ ಎಂಬ ಹೂ ಮುಡಿಸಿ ಪೂಜಿಸುತ್ತಾರೆ. ತೆಂಗಿನಕಾಯಿಗೆ ಗುರಿಯಿಡುವ ಪಂದ್ಯವೂ ಇರುತ್ತದೆ. ಅಂಥ ಕಡೆ ಥಂಡಿ ಹಿಡಿದ ತೋಟಾ ‘ಢಂ’ ಎನ್ನದೆ ‘ಪುಸ್’ ಎಂದಿತೆನ್ನಿ. ತೋಟಾದೊಳಗೆ ಮದ್ದಿಗೂ ಚರೆಗೂ ನಡುವೆ ಇರುವ ಬಿಲ್ಲೆ ನಳಿಗೆಯಲ್ಲೇ ನಿಂತಿರಬಹುದು. ಆದರೆ ಸುತ್ತಲಿನವರು ನಗುತ್ತಿದ್ದಾರೆ. ಆ ನಾಚಿಕೆಯನ್ನು ಅಳಿಸಲು ಕೈ ಮುಂದಿನ ತೋಟಾಕ್ಕೆ ಹೋಗುತ್ತದೆ. ನಳಿಗೆ ಸಿಡಿಯುವುದು ಆ ಎರಡನೆಯ ಹೊಡೆತಕ್ಕೆ.

ಮನೆಗಳಲ್ಲೂ ಇದೇ ನಡೆಯುತ್ತಿದೆ. ಪರೀಕ್ಷೆಯಲ್ಲಿ ಹಿಂದೆ ಬಿದ್ದ ಹುಡುಗ ಮಾತು ಕಡಿಮೆ ಮಾಡುತ್ತಾನೆ. ತಟ್ಟೆಯ ಮುಂದೆ ಅನ್ನ ಕಲಸುತ್ತಾ ಕೂರುತ್ತಾನೆ. ಏನಾಯಿತು ಮಗಾ ಎಂದು ಕೇಳುವ ಮೊದಲೇ ನಾಲ್ಕು ಜನರ ಮುಂದೆ ಮರ್ಯಾದೆ ಹೋಯಿತೆಂಬ ಅವಸರ ನಮಗೆ. ಇನ್ನೊಂದು ಟ್ಯೂಷನ್, ಇನ್ನಷ್ಟು ಬೈಗುಳ. ಅವನು ಒಡೆದುಹೋದ ದಿನ ‘ಅವನಿಗೆ ಏನು ಕಡಿಮೆ ಮಾಡಿದ್ದೆವು?’ ಎನ್ನುತ್ತೇವೆ. ಕಡಿಮೆ ಮಾಡಿರಲಿಲ್ಲ, ನಿಜ. ನಿಂತು ನೋಡಿರಲಿಲ್ಲ.

ಕೋವಿ ಹಿಡಿಯುವವರಲ್ಲಿ ಒಂದು ಕೋರಿಕೆ. ಸದ್ದು ಸಣ್ಣದಾಯಿತೆಂದರೆ ಮೂತಿಯನ್ನು ಯಾರೂ ಇಲ್ಲದ ದಿಕ್ಕಿಗೇ ಹಿಡಿದು ಅರ್ಧ ನಿಮಿಷವಾದರೂ ಕಾಯಿರಿ. ಕೋವಿಯನ್ನು ಮಡಚಿ ತೆರೆದು ತೋಟಾಗಳನ್ನೆಲ್ಲ ಹೊರತೆಗೆಯಿರಿ. ಹಿಂಭಾಗದಿಂದ ನಳಿಗೆಯೊಳಗೆ ನೋಡಿ. ಆಚೆ ತುದಿಯ ಬೆಳಕು ಪೂರ್ತಿ ದುಂಡಗೆ ಕಾಣುವ ತನಕ, ಯಾರು ಎಷ್ಟೇ ನಗಲಿ, ಇನ್ನೊಂದು ತೋಟಾ ಮುಟ್ಟಬೇಡಿ.