ಚಿತ್ರದ ಕರಡಿಗೆ ಯಾವ ನುಡಿ?

ಕುಂಚದಿಂದ ಬರೆದ, ಅಥವಾ ಈ ಕಾಲದ ರೂಢಿಯಂತೆ ಗಣಕಯಂತ್ರದಲ್ಲಿ ರೂಪಿಸಿದ ಒಂದು ಕರಡಿ ತೆರೆಯ ಮೇಲೆ ಬಾಯ್ದೆರೆದು ಹಾಡತೊಡಗಿದಾಗ, ಆ ಹಾಡು ಯಾವ ಭಾಷೆಯಲ್ಲಿದ್ದರೆ ಅದು ಕರಡಿಯ ಸ್ವಂತದ ಹಾಡೆನಿಸೀತು? ಪ್ರಶ್ನೆ ಮೇಲ್ನೋಟಕ್ಕೆ ಬಾಲಿಶವೆಂದು ತೋರಬಹುದು. ಆದರೆ ಕನ್ನಡನಾಡಿನಲ್ಲಿ ಅರ್ಧ ಶತಮಾನಕ್ಕೂ ಮಿಕ್ಕಿ ನಡೆದ, ಪರಭಾಷೆಯ ಚಿತ್ರಗಳಿಗೆ ಕನ್ನಡದ ಮಾತು ಕೂಡಿಸಬಹುದೇ ಎಂಬ ಡಬ್ಬಿಂಗ್ ವಿವಾದದಲ್ಲಿ ಈ ಪ್ರಶ್ನೆಯನ್ನು ಪ್ರತ್ಯೇಕವಾಗಿ ಎತ್ತಿಕೊಂಡು ವಿಚಾರಿಸಿದವರು ವಿರಳ. ವಿಚಾರಿಸದೆ ಹೋದುದರ ಫಲವನ್ನು ಉಂಡವರಾದರೋ, ವಾದದಲ್ಲಿ ಬಾಯಿಯೇ ಇಲ್ಲದ ಮಕ್ಕಳು.

ನನ್ನ ಮನಸ್ಸಿನಲ್ಲಿರುವುದು ‘ಜಂಗಲ್ ಬುಕ್’. ಮುಂಬಯಿಯಲ್ಲಿ ಹುಟ್ಟಿದ ಕಿಪ್ಲಿಂಗ್ ಅಮೆರಿಕದ ವರ್ಮಾಂಟಿನಲ್ಲಿ ಕುಳಿತು, ಮಧ್ಯಪ್ರದೇಶದ ಸಿವನಿಯ ಕಾಡುಗಳನ್ನು ಕಲ್ಪಿಸಿಕೊಂಡು ಬರೆದು, 1894ರಲ್ಲಿ ಪ್ರಕಟಿಸಿದ ಈ ಕಥೆಗಳಲ್ಲಿ ಬಾಲೂ ಎಂಬ ಕರಡಿ ಕಾಡಿನ ಧರ್ಮಶಾಸ್ತ್ರವನ್ನು ಬೋಧಿಸುವ, ಶಿಷ್ಯನಾದ ಬಾಲಕ ಮೌಗ್ಲಿಗೆ ಏಟು ಕೊಡಲೂ ಹಿಂದೆಗೆಯದ, ಗಂಭೀರ ಉಪಾಧ್ಯಾಯ. ಕಪಿಗಳಿಗೋ ಅರಸನೇ ಇಲ್ಲ, ಅರಾಜಕತೆಯೇ ಅವುಗಳ ಲಕ್ಷಣ. ವಾಲ್ಟ್ ಡಿಸ್ನಿ ತನ್ನ ಕೊನೆಯ ವರ್ಷಗಳಲ್ಲಿ ಇದನ್ನು ಚಿತ್ರವಾಗಿಸಹೊರಟಾಗ, ಮೂಲದ ಕತ್ತಲನ್ನು ಉಳಿಸಿಕೊಂಡು ಬಿಲ್ ಪೀಟ್ ಸಿದ್ಧಪಡಿಸಿದ ಕಥಾರೂಪವನ್ನು ಬದಿಗೊತ್ತಿ, ಹಾಡನ್ನೂ ಉಲ್ಲಾಸವನ್ನೂ ತುಂಬಿಸಿದನು. ಅವನು ತೀರಿಕೊಂಡ ಮರುವರ್ಷ, 1967ರ ಅಕ್ಟೋಬರಿನಲ್ಲಿ, ತೆರೆಗೆ ಬಂದ ಆ ಸಂಗೀತಚಿತ್ರದಲ್ಲಿ ಉಪಾಧ್ಯಾಯನಾಗಿದ್ದ ಕರಡಿ ಫಿಲ್ ಹ್ಯಾರಿಸನ ಕಂಠದಲ್ಲಿ ನಿಶ್ಚಿಂತ ಗಾಯಕನಾಯಿತು. ಭಾರತದ ಕಾಡಿನಲ್ಲಿ ಎಂದೂ ಇಲ್ಲದ ಒರಾಂಗುಟಾನ್ ಕಪಿರಾಜನಾಗಿ ಲೂಯಿ ಪ್ರೀಮನ ಜಾಝ್ ಹಾಡಿತು. ಅಂದರೆ, ನಮ್ಮದೆಂದು ಹೇಳಬಹುದಾದ ಒಂದು ಕಾಡನ್ನು ಅಮೆರಿಕದವರು ತಮ್ಮ ನಾಡಿನ ರಾಗದಲ್ಲಿ ಮತ್ತೆ ಹುಟ್ಟಿಸಿಕೊಂಡರು. ಇದನ್ನು ನಾನು ಅಪಹಾರವೆಂದು ಕರೆಯಲಾರೆ. ಹಾಡಿನ ಮೂಲಕವಲ್ಲದೆ ಮಗು ಒಂದು ಕಥೆಯನ್ನು ತನ್ನದಾಗಿಸಿಕೊಳ್ಳಲಾರದೆಂಬುದನ್ನು ಅವರು ಚೆನ್ನಾಗಿ ಅರಿತಿದ್ದರು.

ಇದೇ ಚಿತ್ರ 2016ರಲ್ಲಿ ಜಾನ್ ಫಾವ್ರೋ ಅವರ ನಿರ್ದೇಶನದಲ್ಲಿ ಹೊಸ ರೂಪ ತಳೆದಾಗ, ಮೌಗ್ಲಿಯ ಪಾತ್ರದ ಬಾಲಕನೊಬ್ಬನನ್ನುಳಿದು ಕಾಡು, ಮೃಗ, ಎಲೆ, ನೀರು ಬಹುಪಾಲು ಗಣಕಯಂತ್ರದ ಸೃಷ್ಟಿ. ಆ ಸೃಷ್ಟಿಯಲ್ಲಿ ಎಂಪಿಸಿ ಎಂಬ ದೃಶ್ಯಪರಿಣಾಮ ಸಂಸ್ಥೆಯ ಬೆಂಗಳೂರು ಶಾಖೆಯ ಕಲಾವಿದರ ಪಾಲು ದೊಡ್ಡದು. ಗಾಜಿನ ಕಟ್ಟಡಗಳ ವೈಟ್‌ಫೀಲ್ಡಿನಲ್ಲಿ ಹಗಲಿರುಳೆನ್ನದೆ ಕುಳಿತು ಕರಡಿಯ ರೋಮಕ್ಕೂ ಹೆಬ್ಬಾವಿನ ಪೊರೆಗೂ ಜೀವ ತುಂಬುವ ವೃತ್ತಿ ಅವರದಾಗಿತ್ತು. ಚಿತ್ರ 2017ರಲ್ಲಿ ದೃಶ್ಯಪರಿಣಾಮಗಳಿಗಾಗಿ ಆಸ್ಕರ್ ಪಡೆಯಿತು. ಅಮೆರಿಕಕ್ಕಿಂತ ಒಂದು ವಾರ ಮೊದಲೇ, ಏಪ್ರಿಲ್ 8ರಂದು, ಭಾರತದಲ್ಲಿ ಬಿಡುಗಡೆಯಾಗಿ ಇಂಗ್ಲಿಷಿನಲ್ಲಿಯೂ ಹಿಂದಿ, ತಮಿಳು, ತೆಲುಗುಗಳಲ್ಲಿಯೂ ಮಾತನಾಡಿತು. ಕನ್ನಡದಲ್ಲಿ ಮಾತನಾಡಲಿಲ್ಲ. ಹಿಂದಿಯ ಬಾಲೂವಿಗೆ ಇರ್ಫಾನ್ ಖಾನ್ ಪಂಜಾಬಿಯ ಸೊಗಡು ಬೆರೆಸಿ ಕಂಠವಿತ್ತರು. ಕೇಳಿದವರಿಗೆ ಆ ಕರಡಿ ಅಮೃತಸರದ ಕಡೆಯ ನೆಂಟನಂತೆಯೇ ತೋರಿರಬೇಕು. ಧಾರವಾಡದ ಕನ್ನಡವೋ ಮಂಡ್ಯದ ಕನ್ನಡವೋ ಆ ಬಾಯಿಗೆ ಒಪ್ಪುತ್ತಿರಲಿಲ್ಲವೆಂದು ಯಾರು ಹೇಳಬಲ್ಲರು?

ಇಲ್ಲಿ ಡಬ್ಬಿಂಗ್ ವಿರೋಧದ ಪಕ್ಷಕ್ಕೆ ನ್ಯಾಯ ಸಲ್ಲಿಸಬೇಕು. 1960ರ ದಶಕದಲ್ಲಿ ಕನ್ನಡ ಚಿತ್ರೋದ್ಯಮವು ಮದರಾಸಿನ ಸ್ಟುಡಿಯೋಗಳ ಆಶ್ರಯದಲ್ಲಿ ಕ್ಷೀಣವಾಗಿ ಉಸಿರಾಡುತ್ತಿದ್ದಾಗ, ಅ.ನ. ಕೃಷ್ಣರಾಯರಂಥವರು ಎತ್ತಿದ ದನಿ ಕೇವಲ ಅಸಹನೆಯ ದನಿಯಾಗಿರಲಿಲ್ಲ. ಕನ್ನಡದ ನಟನಿಗೆ, ಕವಿಗೆ, ವಾದ್ಯಗಾರನಿಗೆ ಅನ್ನ ಹುಟ್ಟಬೇಕಾದರೆ ಪರಭಾಷೆಯ ಸಿದ್ಧಚಿತ್ರಗಳ ಪ್ರವಾಹಕ್ಕೆ ಕಟ್ಟೆ ಬೇಕಾಗಿತ್ತು. ಅವರ ವಾದಕ್ಕೆ ಕಲೆಯ ತಳಹದಿಯೂ ಇತ್ತು: ನಟನ ದೇಹ ಒಂದು, ದನಿ ಇನ್ನೊಂದಾದರೆ ಅಭಿನಯದ ಅಖಂಡತೆ ಭಂಗವಾಗುತ್ತದೆ ಎಂಬುದು ಅಲ್ಲಗಳೆಯಲಾಗದ ಮಾತು. ನಟನ ಉಸಿರು, ಗಂಟಲ ನರ, ಕಣ್ಣಿನ ಹನಿ, ಇವೆಲ್ಲವೂ ಅವನ ಮಾತಿನ ಅಂಗಗಳು. ಅವನ್ನು ಬೇರ್ಪಡಿಸಿ ಬೇರೊಬ್ಬನ ಕಂಠವನ್ನು ತಗುಲಿಸುವುದು ನಿಜಕ್ಕೂ ಒಂದು ಬಗೆಯ ಹಿಂಸೆ.

ಆದರೆ ಚಿತ್ರಿಸಿದ ಕರಡಿಗೆ ಈ ತತ್ತ್ವ ಅನ್ವಯಿಸುವುದೇ? ಅದಕ್ಕೆ ಉಸಿರಿಲ್ಲ, ಗಂಟಲಿಲ್ಲ, ಆದುದರಿಂದ ತಾಯ್ನುಡಿಯೂ ಇಲ್ಲ. ಹ್ಯಾರಿಸನ ಇಂಗ್ಲಿಷೂ ಆ ಚಿತ್ರಕ್ಕೆ ಹೊರಗಿನಿಂದಲೇ ಬಂದದ್ದು. ಆ ದನಿಗೆ ಹೊಂದಿಸಿ ತುಟಿ ಬರೆದರಲ್ಲವೇ ಎಂದು ಒಬ್ಬರು ಆಕ್ಷೇಪಿಸಿಯಾರು. ಅದು ದಿಟ, ಆದರೂ ಅಲ್ಲಿ ಇರುವುದು ಕಾಲಕ್ರಮದ ಮುಂಚಿತನವೇ ಹೊರತು ಸ್ವಭಾವಸಂಬಂಧವಲ್ಲ. ಬರೆದ ತುಟಿಗೆ ಯಾವ ನುಡಿಯೂ ಸಹಜವಲ್ಲವಾದಾಗ, ಎಲ್ಲ ನುಡಿಗಳೂ ಅದಕ್ಕೆ ಸಮಾನವಾಗಿ ಸಲ್ಲುತ್ತವೆ. ಅನಿಮೇಷನ್ ಚಿತ್ರದ ಕನ್ನಡರೂಪವು ಮೂಲವೊಂದರ ವಿಕೃತಿಯಲ್ಲ. ಇಂಗ್ಲಿಷ್‌ರೂಪದ ಜೊತೆಗೆ ಹುಟ್ಟಬಲ್ಲ ಇನ್ನೊಂದು ಮೂಲ. ನಟನ ಗೌರವವನ್ನು ಕಾಯಲು ಕಟ್ಟಿದ ಕಟ್ಟೆಯನ್ನು ನಟನೇ ಇಲ್ಲದ ಕಡೆಗೂ ವಿಸ್ತರಿಸಿದಾಗ ಅದು ಕಾದದ್ದು ಏನನ್ನು? 2009ರಲ್ಲಿ ಆರಂಭವಾದ ಚಿಂಟು ಟಿ.ವಿ. ಕಾರ್ಟೂನುಗಳಿಗೆ ಕನ್ನಡ ನುಡಿಸಿತು. ಅದರಿಂದ ಯಾವ ನಟನ ಮಾನಕ್ಕೂ ಕುಂದು ಬಂದಂತೆ ಕಾಣೆ.

ಹಾಡಿನ ವಿಷಯದಲ್ಲಂತೂ ನಮಗೆ ಹಿರಿಯರ ನಿದರ್ಶನವೇ ಉಂಟು. ಬ್ರೌನಿಂಗ್ ಕವಿ ಮಕ್ಕಳಿಗಾಗಿ ಬರೆದ ಹ್ಯಾಮಲಿನ್ ನಗರದ ಕಥನವನ್ನು ಕುವೆಂಪು ಅವರು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಾಗಿಸಿದಾಗ, ಜರ್ಮನಿಯ ಊರು ತುಂಗಾತೀರಕ್ಕೆ ಬಂದಿತು, ಕೊಳಲೂದುವವನು ಜಟೆಯ ಜೋಗಿಯಾದನು, ಇಲಿಗಳು ಕನ್ನಡದ ಲಯದಲ್ಲಿ ಓಡಿದವು. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಹೊಸೂರು ರಸ್ತೆಯ ಮೇಲಿನ ಬೊಮ್ಮನಹಳ್ಳಿ ಬೇರೆಯದೇ ಊರು; ಆದರೂ ಆ ಹಾದಿಯಲ್ಲಿ ಸಾಗುವಾಗ ಆ ಹೆಸರನ್ನು ಕಂಡು ಬಾಲ್ಯದ ಪದ್ಯವನ್ನು ನೆನೆಯದ ಕನ್ನಡಿಗ ಅಪರೂಪ. ಕುವೆಂಪು ಮಾಡಿದ್ದು ಅನುವಾದವೇ ಅಲ್ಲ, ಪುನರ್ಜನ್ಮ. ಡಿಸ್ನಿ ಕಿಪ್ಲಿಂಗನಿಗೆ ಮಾಡಿದ್ದೂ ಇದೇ. ನಮ್ಮ ಗೀತಕಾರನೊಬ್ಬನು ಬಾಲೂವಿನ ಹಾಡಿಗೆ ಇದನ್ನೇ ಮಾಡಿದ್ದರೆ, ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯಲೆಂದು ರಾಯಚೂರು, ಕಲಬುರಗಿಗಳ ಕಡೆಯಿಂದ ಬಂದವರ ಮಗು, ಸರಕಾರಿ ಕನ್ನಡ ಶಾಲೆಯಿಂದ ಮನೆಗೆ ನಡೆಯುತ್ತ ಅದನ್ನು ಗುನುಗುತ್ತಿತ್ತು.

ದೋಷವೆಲ್ಲ ಪರದೇಶದ ಚಿತ್ರಗಳದೆಂದೂ ನಾನು ಹೇಳಲಾರೆ. ನಮ್ಮದೇ ಗೋವಿನ ಹಾಡನ್ನು ಆಧರಿಸಿ ರವಿಶಂಕರ್ ಅವರು ಬಹುಜನರ ದೇಣಿಗೆಯಿಂದ ನಿರ್ಮಿಸಿ, ಇಳಯರಾಜರ ಸಂಗೀತದೊಡನೆ 2020ರಲ್ಲಿ ನೆಟ್‌ಫ್ಲಿಕ್ಸಿಗೆ ತಂದ ‘ಪುಣ್ಯಕೋಟಿ’ ಅನಿಮೇಷನ್ ಚಿತ್ರದ ಭಾಷೆ ಸಂಸ್ಕೃತ. ಆ ಸಾಹಸಕ್ಕೆ ನನ್ನ ಪೂರ್ಣ ಗೌರವವಿದೆ. ಆದರೂ ಕನ್ನಡದ ಕಂದಮ್ಮಗಳು ಕರುವಿನ ಅಳಲಿಗೆ ತಮ್ಮ ನುಡಿಯಲ್ಲಿಯೇ ಕಣ್ಣೀರು ಸುರಿಸುವಂತೆ ಮಾಡಿದ ಆ ಹಸು, ತೆರೆಗೇರುವಾಗ ಆ ನುಡಿಯನ್ನು ಬಿಟ್ಟುಬಂದದ್ದು ನನಗೆ ನೋವಿನ ಸಂಗತಿ.

‘ಜಂಗಲ್ ಬುಕ್’ನ ಕಾಡನ್ನು ರೂಪಿಸಿದ ಶ್ರಮ ನಮ್ಮದಾದರೆ ಕೃತಿಯೂ ನಮ್ಮದಲ್ಲವೇ ಎಂದು ಕೇಳುವವರಿದ್ದಾರೆ. 2025ರ ಫೆಬ್ರವರಿಯಲ್ಲಿ ಎಂಪಿಸಿಯ ಮಾತೃಸಂಸ್ಥೆಯಾದ ಟೆಕ್ನಿಕಲರ್ ಕುಸಿದಾಗ ಅದರ ಬೆಂಗಳೂರಿನ ಶಾಖೆಯೂ ಮುಚ್ಚಿ, ಸಹಸ್ರಾರು ಮಂದಿ ಹಠಾತ್ತನೆ ಕೆಲಸ ಕಳೆದುಕೊಂಡರು. ಕೂಲಿಗೆ ತೆತ್ತ ಶ್ರಮವು ಕೂಲಿಯೊಡನೆ ಮುಗಿಯಿತು. ಅವರು ಬಿಡಿಸಿದ ಕಾಡಿನ ಒಂದೆಲೆಯ ಮೇಲೂ ಈ ಊರಿಗೆ ಹಕ್ಕು ಉಳಿಯಲಿಲ್ಲ. ಅದೇ ಕಾಡಿಗೆ ಕನ್ನಡದ ನಾಲ್ಕು ಹಾಡುಗಳಿದ್ದಿದ್ದರೆ, ಕಚೇರಿಯ ಬಾಗಿಲು ಮುಚ್ಚಿದ ಮೇಲೂ ಅವು ಇಲ್ಲಿನ ಮಕ್ಕಳ ನಾಲಗೆಯ ಮೇಲೆ ಇರುತ್ತಿದ್ದವು.

ಈಗ ಡಬ್ಬಿಂಗ್ ನಿಷೇಧದ ನೆಪವೂ ಇಲ್ಲ. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗವು 2015ರಲ್ಲಿಯೇ ಡಬ್ಬಿಂಗ್ ತಡೆಯುವುದು ತಪ್ಪೆಂದು ತೀರ್ಪಿತ್ತಿತು. 2022ರಲ್ಲಿ ‘ಅವತಾರ್’ ಚಿತ್ರದ ಎರಡನೆಯ ಭಾಗ ಕನ್ನಡದಲ್ಲಿ ಬಂದಿತು. 2025ರಲ್ಲಿ ಬೆಂಗಳೂರಿನ ಹೊಂಬಾಳೆ ಸಂಸ್ಥೆ ಅರ್ಪಿಸಿದ ‘ಮಹಾವತಾರ ನರಸಿಂಹ’ ಅನಿಮೇಷನ್ ಚಿತ್ರ ಕನ್ನಡವನ್ನೂ ನುಡಿಯಿತು. ಹೀಗಿದ್ದೂ ಡಿಸ್ನಿಯ ಸಂಗೀತಚಿತ್ರ ‘ಮುಫಾಸಾ’ 2024ರ ಡಿಸೆಂಬರಿನಲ್ಲಿ ಬಂದಾಗ ಇಂಗ್ಲಿಷ್, ಹಿಂದಿ, ತಮಿಳು, ತೆಲುಗುಗಳಿಗೇ ನಿಂತಿತು. ಕಾನೂನು ತೆರೆದ ದಾರಿಯಲ್ಲಿ ವ್ಯಾಪಾರಿ ಕಾಲಿಡದಿರುವುದು, ಕನ್ನಡದ ತಂದೆತಾಯಿಗಳು ಟಿಕೆಟ್ ಕೊಳ್ಳುವಾಗ ಭಾಷೆ ಕೇಳುವುದಿಲ್ಲವೆಂಬ ಅವನ ಲೆಕ್ಕಾಚಾರದಿಂದ. ಆ ಲೆಕ್ಕವನ್ನು ಸುಳ್ಳಾಗಿಸುವ ಕೆಲಸ ಆಯೋಗದ್ದೂ ಅಲ್ಲ, ಸರಕಾರದ್ದೂ ಅಲ್ಲ. ರಜೆಯ ದಿನ ಮಗುವಿನ ಕೈ ಹಿಡಿದು ವೈಟ್‌ಫೀಲ್ಡಿನ ಮಾಲಿಗೋ ಪೀಣ್ಯದ ಬಳಿಯ ಚಿತ್ರಮಂದಿರಕ್ಕೋ ಹೋಗುವವರದು.