ಬೋಧನೆಯೂ ಆಚರಣೆಯೂ

ನುಡಿದಂತೆ ನಡೆಯದವನನ್ನು ಲೋಕವು ಡಾಂಭಿಕನೆಂದು ಹಳಿಯುವುದು. ಯೇಸುಸ್ವಾಮಿಯು ಫರಿಸಾಯರಲ್ಲಿ ಕಂಡ ದೋಷವೂ ಇದೇ. ಆದರೆ ನುಡಿದಷ್ಟನ್ನು ತಪ್ಪದೆ ನಡೆಯಿಸುತ್ತಲೇ ಘೋರವಾದ ಅಧರ್ಮದಲ್ಲಿ ಬಾಳುವುದು ಸಾಧ್ಯವೇ? ಇಂಗ್ಲೆಂಡಿನ ಜಾನ್ ನ್ಯೂಟನ್ನನ ಚರಿತ್ರೆಯನ್ನು ನೋಡಿದರೆ ಸಾಧ್ಯವೆಂದೇ ಒಪ್ಪಬೇಕಾಗುವುದು. (ಈತನು ವಿಜ್ಞಾನಿಯಾದ ನ್ಯೂಟನ್ನನಲ್ಲ, ನಾವಿಕನಾಗಿದ್ದು ಪಾದ್ರಿಯಾದವನು.)

1748ರಲ್ಲಿ ಬಿರುಗಾಳಿಗೆ ಸಿಕ್ಕಿದ ಹಡಗಿನಲ್ಲಿ ಈತನು ದೇವರ ಮೊರೆಹೊಕ್ಕನು. ಅಂದಿನಿಂದ ಹೊಲಸು ಬೈಗುಳವನ್ನು ತೊರೆದನು. ಹೀಗೆ ಮನಸ್ಸು ತಿರುಗಿದ ಮೇಲೆಯೇ, 1750ರಿಂದ 1754ರವರೆಗೆ, ಗುಲಾಮರನ್ನು ಸಾಗಿಸುವ ಹಡಗುಗಳ ನಾಯಕನಾಗಿ ಮೂರು ಯಾತ್ರೆಗಳನ್ನು ಮಾಡಿದನು. ಆದಿತ್ಯವಾರಗಳಲ್ಲಿ ಖಲಾಸಿಗಳನ್ನು ಕೂಡಿಸಿ ಪ್ರಾರ್ಥನೆ ನಡೆಯಿಸುತ್ತಿದ್ದನು. ಅವರು ನಿಂತ ಹಲಗೆಗಳ ಕೆಳಗೆ ಆಫ್ರಿಕದ ಗಂಡಸರು ಇಬ್ಬಿಬ್ಬರಾಗಿ ಸಂಕೋಲೆಗಳಲ್ಲಿ ಬಿದ್ದಿದ್ದರು.

ಆ ಪ್ರಾರ್ಥನೆಯನ್ನು ಕಪಟವೆಂದು ತಳ್ಳಿಬಿಡುವುದು ಸುಲಭ. ಆದರೆ ಅದು ಕಪಟವಾಗಿರಲಿಲ್ಲ. ತಾನು ಸೆರೆಮನೆಯ ಕಾವಲುಗಾರನಂತಾದೆನೆಂದು ಬೇಸತ್ತು, ಇದಕ್ಕಿಂತ ಕರುಣೆಯುಳ್ಳ ಉದ್ಯೋಗವನ್ನು ದಯಪಾಲಿಸೆಂದು ಆತನು ದೇವರನ್ನು ಬೇಡಿದ್ದುಂಟು. ಆದರೂ ತಾನಾಗಿ ಬಿಡಲಿಲ್ಲ. ಬಿಡಿಸಿದುದು 1754ರಲ್ಲಿ ಬಂದ ದೇಹಾಲಸ್ಯ. ಆ ವ್ಯಾಪಾರವು ಪಾಪವೆಂದೇ ಅವನಿಗಾಗ ತೋರಿರಲಿಲ್ಲ. ನೆರೆಯವನೆಂಬ ಮಾತಿನ ಅರ್ಥವು ಖಲಾಸಿಗಳಲ್ಲಿಯೇ ಮುಗಿದು, ಹಲಗೆಗಳ ಕೆಳಕ್ಕೆ ಇಳಿಯದೆ ಹೋಗಿತ್ತು.

ಕಾಲದ ದೋಷವೆನ್ನೋಣವೇ? ಅದೇ 1754ರಲ್ಲಿ ಅಮೆರಿಕದ ಜಾನ್ ವುಲ್ಮನ್ ಎಂಬ ಕ್ವೇಕರ್ ಪಂಥದ ದರ್ಜಿಯು ಗುಲಾಮರನ್ನು ಇಟ್ಟುಕೊಳ್ಳುವುದನ್ನು ಖಂಡಿಸಿ ಪುಸ್ತಕವನ್ನು ಪ್ರಕಟಿಸಿದನು. ಸಂಚಾರದಲ್ಲಿ ಗುಲಾಮರುಳ್ಳ ಮನೆಗಳಲ್ಲಿ ತಂಗಬೇಕಾದಾಗ, ತನಗೆ ಸೇವೆಮಾಡಿದ ಗುಲಾಮರಿಗೆ ಹಣ ಕೊಟ್ಟು ಹೋಗುತ್ತಿದ್ದನು. ಅದು ಅತಿಥೇಯರಿಗೆ ಎಷ್ಟು ಮುಜುಗರವಾಗಿದ್ದೀತೆಂಬುದನ್ನು ಊಹಿಸಬಹುದು! ಕಾಲವು ಇಬ್ಬರಿಗೂ ಒಂದೇ ಆಗಿದ್ದಿತು.

ನ್ಯೂಟನ್ನನು 1764ರಲ್ಲಿ ಪಾದ್ರಿಯ ದೀಕ್ಷೆ ಪಡೆದು, ಓಲ್ನಿಯಲ್ಲಿಯೂ ಅನಂತರ ಲಂಡನ್ನಿನಲ್ಲಿಯೂ ಬೋಧಕನಾಗಿ ಮಾನ್ಯನಾದನು. ‘ಅಮೇಜಿಂಗ್ ಗ್ರೇಸ್’ ಎಂಬ ಸುಪ್ರಸಿದ್ಧ ಕೀರ್ತನೆಯು ಈತನದೇ. ಗುಲಾಮರ ವ್ಯಾಪಾರದ ವಿರುದ್ಧ ಪುಸ್ತಿಕೆಯನ್ನು ಹೊರಡಿಸಿದುದು ಮಾತ್ರ 1788ರಲ್ಲಿ, ಹಡಗನ್ನು ಬಿಟ್ಟು 34 ವರ್ಷಗಳಾದ ಬಳಿಕ. ಅದರಲ್ಲಿ ತಾನು ಕಂಡುದನ್ನೂ ಮಾಡಿದುದನ್ನೂ ಬಿಚ್ಚಿ ಹೇಳಿದನು. 1790ರಲ್ಲಿ ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷಿ ನುಡಿದನು. ಬೋಧಕರ ಮಾತು ಅಗ್ಗವೆಂಬವರು ಇದನ್ನು ಯೋಚಿಸಬೇಕು: ಅರವತ್ತು ಮೀರಿದ ಗೌರವಸ್ಥ ಪಾದ್ರಿಗೆ ಆ ಮಾತೇ ಕಠಿಣವಾದ ಆಚರಣೆಯಾಗಿದ್ದಿತು. ಆದರೆ ಅವನ ಹಡಗುಗಳಲ್ಲಿ ಸಾಗಿಹೋದವರಿಗೆ ಅದರಿಂದ ಯಾವ ಪರಿಹಾರವೂ ಒದಗಲಿಲ್ಲ.

1807ರ ಮಾರ್ಚಿಯಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಶಾಸನವು ಆ ವ್ಯಾಪಾರವನ್ನು ನಿಷೇಧಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ನ್ಯೂಟನ್ನನು ತೀರಿಕೊಂಡನು.