ಸಾಲಿಯ ಸಾಲ

ನಮ್ಮ ಕಡೆ ಶಾಲೆಗೆ ಸಾಲಿ ಅನ್ನುತ್ತಾರೆ. ನನ್ನ ಅಜ್ಜ ಸಾಲಿಯ ಮೆಟ್ಟಿಲು ಹತ್ತಿದವನಲ್ಲ. ಬೈಲಹೊಂಗಲ ಕಡೆಯ ಎರೆಭೂಮಿಯಲ್ಲಿ ದುಡಿದು, ಬರ ಬಿದ್ದಾಗ ಸಾಹುಕಾರನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ಅದರ ಬಡ್ಡಿ ತೀರಿಸುತ್ತಲೇ ಮುದುಕನಾದ. ಸಾಲಿ, ಸಾಲ ಎರಡೂ ಮಾತು ಅವನ ಬಾಯಲ್ಲಿ ಒಟ್ಟಿಗೇ ಬರುತ್ತಿದ್ದವು. "ಸಾಲಿ ಕಲ್ತಿದ್ರ ಸಾಲದ ಕಾಗದಾನರ ಓದ್ಕೋತಿದ್ದೆ" ಎನ್ನುತ್ತಿದ್ದ.

ಅಪ್ಪ ಊರಲ್ಲಿ ಏಳನೆಯ ಇಯತ್ತೆ ಮುಗಿಸಿದಾಗ ಮಾಸ್ತರರೊಬ್ಬರು ಅವನನ್ನು ಬೆಳಗಾವಿಯ ಬೋರ್ಡಿಂಗಿಗೆ ಕರೆತಂದು ಬಿಟ್ಟರು. ಎರಡು ಹೊತ್ತು ರೊಟ್ಟಿ, ಬೇಳೆ; ಚಾಪೆ ಹಾಸುವಷ್ಟು ಜಾಗ; ರಾತ್ರಿ ಓದಲು ಬೆಳಕು. ದುಡ್ಡು ಕೇಳಿದವರಿಲ್ಲ. ಅಪ್ಪ ಕಲಿತು ನೌಕರಿ ಹಿಡಿದ. ನಿವೃತ್ತನಾದ ಮೇಲೂ ಒಂದು ಮಾತು ಬಿಡಲಿಲ್ಲ: "ನಾ ಶಾಣ್ಯಾ ಇದ್ದೆ ಅಂತ ಕಲೀಲಿಲ್ಲಪಾ, ಊಟ ಸಿಕ್ತು ಅಂತ ಕಲ್ತೆ." ಆಗ ಅದನ್ನು ಅವನ ವಿನಯ ಎಂದುಕೊಂಡಿದ್ದೆ. ಈಗ ಅದೊಂದು ಲೆಕ್ಕ ಎಂದು ತಿಳಿಯುತ್ತಿದೆ.

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ರಸ್ತೆಯಲ್ಲಿ, ಮಚ್ಛೆಯ ಬಳಿ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿದೆ. 1998ರಲ್ಲಿ ಶುರುವಾದದ್ದು. ರಾಜ್ಯದ ಮೂಲೆಮೂಲೆಯ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಪದವಿ ಪತ್ರದ ಮೇಲೆ ಈ ಊರಿನ ಹೆಸರಿರುತ್ತದೆ. ಅದೇ ರಸ್ತೆಯಲ್ಲಿ ಮುಂದೆ ಹೋಗಿ, ಖಾನಾಪುರ ದಾಟಿ, ಹೆಮ್ಮಡಗಾ ದಾರಿ ಹಿಡಿದರೆ ಭೀಮಗಡದ ಕಾಡು. 2011ರಲ್ಲಿ ಅದನ್ನು ವನ್ಯಜೀವಿಧಾಮವೆಂದು ಘೋಷಿಸಿದರು. ಒಳಗೆ ಊರುಗಳಿವೆ: ಗವಾಳಿ, ಪಾಸ್ತೋಳಿ, ಕೊಂಗಳಾ, ಆಮಗಾಂವ್, ಕೃಷ್ಣಾಪುರ, ತಳೇವಾಡಿ. ಎಮ್ಮೆ ಸಾಕಿ, ಹಾಲು ಬೆಣ್ಣೆ ಮಾರಿ ಬದುಕಿದ ಗೌಳಿಗರ ವಾಡೆಗಳು ಈ ಕಾಡಿನ ಒಳಗೂ ಅಂಚಿನಲ್ಲೂ ಇವೆ. ತಾಲ್ಲೂಕಿನ ತೆಂಕಣಕ್ಕೆ, ಹಳಿಯಾಳದ ಕಾಡಿಗೆ ತಾಗಿದ ಕಡೆ, ಸಿದ್ದಿಗಳ ಮನೆಗಳಿವೆ. ವಿಶ್ವವಿದ್ಯಾಲಯದ ಬಾಗಿಲಿನಿಂದ ಈ ಊರುಗಳಿಗೆ ಎರಡು ಗಂಟೆಯ ಹಾದಿಯೂ ಇಲ್ಲ. ಇಲ್ಲಿ ಇನ್ನೂ ಮೊದಲ ತಲೆಮಾರಿನ ಮಕ್ಕಳು ಸಾಲಿ ಚೀಲ ಹೊತ್ತ ಮನೆಗಳು ಸಿಗುತ್ತವೆ. ನನ್ನ ಮನೆ ಅಜ್ಜನ ಹೆಬ್ಬೆಟ್ಟಿನಿಂದ ನನ್ನ ಪದವಿಯವರೆಗೆ ಮೂರು ತಲೆಮಾರು ನಡೆದ ಅದೇ ಹೊತ್ತಿನಲ್ಲಿ, ಇವರ ಮನೆಯ ಮೂರು ತಲೆಮಾರು ಎಲ್ಲಿ ನಿಂತಿತ್ತು? ಯಾರು ನಿಲ್ಲಿಸಿದರು?

"ಹಿಂದುಳಿದವರು" ಎಂಬ ಪದ ಈ ಪ್ರಶ್ನೆಗೆ ಅಡ್ಡ ಬರುತ್ತದೆ. ಉಳಿಯುವುದು ತಾನಾಗಿ ಆಗುವ ಕೆಲಸ. ಊಟ ಉಳಿಯಿತು, ನೀರು ಉಳಿಯಿತು ಎನ್ನುತ್ತೇವೆ. ಹಿಂದೆ ಉಳಿದರು ಎಂದಾಗ ಎಲ್ಲರಿಗೂ ಬಸ್ಸು ಬಂದಿತ್ತು, ಇವರೇ ಹತ್ತಲಿಲ್ಲ ಎಂಬ ಅರ್ಥ ಮೆಲ್ಲಗೆ ಸೇರಿಬಿಡುತ್ತದೆ. ಬಸ್ಸು ಯಾರ ಊರಿಗೆ ಯಾವಾಗ ಬಂತು ಎಂದು ನೋಡಬೇಕು.

1856ರ ಜೂನ್‌ನಲ್ಲಿ ಮಹಾರ ಜಾತಿಯ ಒಬ್ಬ ಹುಡುಗನ ಹೆಸರಿನಲ್ಲಿ ಮುಂಬಯಿ ಸರ್ಕಾರಕ್ಕೆ ಒಂದು ಅರ್ಜಿ ಹೋಯಿತು. ಫೀ ಕೊಡಲು ಸಿದ್ಧನಿದ್ದರೂ ಧಾರವಾಡದ ಸರ್ಕಾರಿ ಸಾಲಿಯಲ್ಲಿ ತನ್ನನ್ನು ಸೇರಿಸಿಕೊಳ್ಳುತ್ತಿಲ್ಲ ಎಂಬುದು ಆ ಹುಡುಗನ ದೂರು. ಬೆಳಗಾವಿಯೂ ಆಗ ಅದೇ ಮುಂಬಯಿ ಪ್ರಾಂತ್ಯದಲ್ಲಿತ್ತು. ಒಬ್ಬನನ್ನು ಸೇರಿಸಿಕೊಂಡರೆ ಉಳಿದವರೆಲ್ಲ ಸಾಲಿ ಬಿಟ್ಟಾರೆಂಬ ಭಯಕ್ಕೆ ಸರ್ಕಾರ ಬಾಗಿತು. ಹುಡುಗನಿಗೆ ಪ್ರವೇಶ ಸಿಗಲಿಲ್ಲ. ಸರ್ಕಾರದ ಖರ್ಚಿನಲ್ಲೇ ನಡೆಯುವ ಸಾಲಿಗಳು ಎಲ್ಲರಿಗೂ ತೆರೆದಿರಬೇಕೆಂಬ ನಿಯಮ ಬಂದದ್ದು ಆಮೇಲೆ. ಬೆಳಗಾವಿಯಲ್ಲಿ ಲಂಡನ್ ಮಿಷನ್ನಿನವರು 1832ರಲ್ಲೇ ಸಾಲಿ ತೆರೆದಿದ್ದರು. ಇಂದಿನ ಬೆನನ್ ಸ್ಮಿತ್ ಶಾಲೆಯ ಮೂಲ ಅದು. ಅಂದರೆ ಊರಿನಲ್ಲಿ ಸಾಲಿ ಇರುವುದು ಬೇರೆ, ಆ ಸಾಲಿ ನನ್ನದಾಗುವುದು ಬೇರೆ. ಈ ಎರಡರ ನಡುವಿನ ಅಂತರದಲ್ಲೇ ಎಷ್ಟೋ ಸಮುದಾಯಗಳ ನೂರಾರು ವರ್ಷ ಕಳೆದುಹೋಗಿವೆ.

1882ರಲ್ಲಿ ಶಿಕ್ಷಣ ಕುರಿತ ಹಂಟರ್ ಆಯೋಗದ ಮುಂದೆ ಜ್ಯೋತಿಬಾ ಫುಲೆ ಇಟ್ಟ ವಾದ ಸರಳವಾಗಿತ್ತು: ಬೊಕ್ಕಸ ತುಂಬುವುದು ರೈತರ, ದುಡಿಯುವವರ ಬೆವರಿನಿಂದ, ಆ ಹಣದ ವಿದ್ಯೆ ಹೋಗುವುದು ಮೇಲಿನವರಿಗೆ. ಅದಕ್ಕೂ ಮೊದಲೇ, 1873ರಲ್ಲಿ, ಅವರು ತಮ್ಮ 'ಗುಲಾಮಗಿರಿ' ಪುಸ್ತಕವನ್ನು ಕರಿಯರ ಗುಲಾಮಗಿರಿ ತೊಡೆಯಲು ದುಡಿದ ಅಮೆರಿಕದ ಜನರಿಗೆ ಅರ್ಪಿಸಿದ್ದರು. ಪುಣೆಯಲ್ಲಿ ಕೂತವರಿಗೆ ಸಾಗರದಾಚೆಯ ಗುಲಾಮನ ನೋವು ತಮ್ಮದೇ ಎನಿಸಿತ್ತು. ಅದೇ ಹೊತ್ತಿಗೆ ನಮ್ಮ ಘಟ್ಟದ ಕಾಡಿನಲ್ಲಿ ಆಫ್ರಿಕದಿಂದ ತಂದ ಗುಲಾಮರ ಮಕ್ಕಳು, ಮೊಮ್ಮಕ್ಕಳು ಬದುಕುತ್ತಿದ್ದರು.

ಸಿದ್ದಿಗಳ ಹಿರಿಯರನ್ನು ಪೋರ್ಚುಗೀಸರೂ ಅರಬ್ ವ್ಯಾಪಾರಿಗಳೂ ಹಡಗಿನಲ್ಲಿ ತಂದರು. ಗೋವೆಯ ಮನೆಗಳಿಂದ ತಪ್ಪಿಸಿಕೊಂಡವರು ಘಟ್ಟ ಹತ್ತಿ ಕಾಡು ಸೇರಿದರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮನೆಯಲ್ಲಿ ಕೊಂಕಣಿ, ಮರಾಠಿ ಬೆರೆತ ಮಾತು, ಹೊರಗೆ ಕನ್ನಡ. ಇಷ್ಟು ತಲೆಮಾರು ಇದೇ ಮಣ್ಣಿನಲ್ಲಿ ಕಳೆದರೂ ಪೇಟೆಯ ಬಸ್ಸಿನಲ್ಲಿ ಸಿದ್ದಿ ಹುಡುಗನನ್ನು "ಯಾವ ದೇಶ?" ಎಂದು ಕೇಳುವವರಿದ್ದಾರೆ. ಒಂದು ಕಾಲವಿತ್ತು, ದಖ್ಖನದಲ್ಲಿ ಇದೇ ಆಫ್ರಿಕದಿಂದ ಬಂದ ಮಲಿಕ್ ಅಂಬರ್ ಅಹ್ಮದ್‌ನಗರದ ರಾಜ್ಯ ನಡೆಸಿದ, ಭೂಕಂದಾಯದ ಹೊಸ ಕ್ರಮ ತಂದ. ಬಿಜಾಪುರದ ಆದಿಲಶಾಹಿಯಲ್ಲಿ ಹಬಶಿ, ಅಂದರೆ ಆಫ್ರಿಕ ಮೂಲದ, ಇಖ್ಲಾಸ್ ಖಾನ್ ದೊಡ್ಡ ಅಧಿಕಾರದಲ್ಲಿದ್ದ. ಅವರಿಗೆ ಆಸ್ಥಾನದಲ್ಲಿ ಅಕ್ಷರ, ಲೆಕ್ಕ, ಆಡಳಿತದ ಬಾಗಿಲು ತೆರೆದಿತ್ತು. ಕಾಡು ಸೇರಿದವರಿಗೆ ಅಂಥ ಬಾಗಿಲೇ ಇರಲಿಲ್ಲ.

ನಮ್ಮ ಕಾಲದಲ್ಲಿ ಸರ್ಕಾರ ಸಿದ್ದಿಗಳನ್ನು ಗಮನಿಸಿದ್ದು ಹೇಗೆ ಎಂದು ನೆನೆದರೆ ಮನಸ್ಸು ಭಾರವಾಗುತ್ತದೆ. 1987ರಲ್ಲಿ ಕ್ರೀಡಾ ಪ್ರಾಧಿಕಾರದ ಒಂದು ಯೋಜನೆ ಸಿದ್ದಿ ಮಕ್ಕಳನ್ನು ಓಟಕ್ಕೆ ಆರಿಸಿ ತರಬೇತಿ ಕೊಟ್ಟಿತು. ಅವರು ಪದಕ ಗೆದ್ದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಮಕ್ಕಳು ಊರಿಗೆ ಮರಳಿದರು. ಓಡುವ ಕಾಲು ಕಂಡ ಕಣ್ಣಿಗೆ ಓದುವ ತಲೆ ಕಾಣಲಿಲ್ಲ. ಇಷ್ಟನ್ನು ನಾನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ.

ಇನ್ನೊಂದು ಸಂಗತಿ ಇದಕ್ಕಿಂತ ಕಠೋರ. 2003ರಲ್ಲಿ ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದರು. ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳು ಆ ಪಟ್ಟಿಗೆ ಸೇರಿದ್ದು 2020ರಲ್ಲಿ, ಸಂಸತ್ತು ಮತ್ತೊಂದು ತಿದ್ದುಪಡಿ ಮಾಡಿದ ಮೇಲೆ. ಒಂದೇ ಕಾಡು, ಒಂದೇ ರಕ್ತ, ಮದುವೆ ಮುಂಜಿಯ ನಂಟು ಒಂದೇ. ಜಿಲ್ಲೆಯ ಗಡಿ ಕಲ್ಲಿನ ಆಚೆ ಇದ್ದ ಅಕ್ಕನ ಮಗನಿಗೆ ಪಂಗಡದ ಆಶ್ರಮ ಶಾಲೆ, ವಿದ್ಯಾರ್ಥಿವೇತನ, ಮೀಸಲಾತಿ; ಈಚೆ ಇದ್ದ ತಂಗಿಯ ಮಗನಿಗೆ ಇಲ್ಲ. ನಡುವಿನ ಅಂತರ 17 ವರ್ಷ. 2003ರಲ್ಲಿ ಖಾನಾಪುರದಲ್ಲಿ ಹುಟ್ಟಿದ ಸಿದ್ದಿ ಮಗು ಕಾನೂನು ಬರುವ ಹೊತ್ತಿಗೆ ಎಸ್ಸೆಸ್ಸೆಲ್ಸಿಯ ವಯಸ್ಸು ದಾಟಿತ್ತು. ಒಂದು ಇಡೀ ಬಾಲ್ಯ ಮುಗಿದಿತ್ತು. ಕಾನೂನು ಬಂದ ವರ್ಷವೇ ಕೊರೊನಾ ಬಂದು ಸಾಲಿಗಳಿಗೆ ಬೀಗ ಬಿತ್ತು. ಪಾಠ ಮೊಬೈಲಿಗೆ ಹೋಯಿತು. ಭೀಮಗಡದ ವಾಡೆಗಳಲ್ಲಿ ಸಿಗ್ನಲ್ ಹುಡುಕಿ ಗುಡ್ಡ ಹತ್ತಬೇಕು. ಅದೇ ವರ್ಷ ಯಲ್ಲಾಪುರ ಕಡೆಯ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಸಿದ್ದಿಗಳಲ್ಲಿ ಮೊದಲ ಪದವೀಧರರು ಅವರು ಎಂದು ಪತ್ರಿಕೆಗಳು ಬರೆದವು. ಸಂತೋಷದ ಸುದ್ದಿಯೇ ಸರಿ. ಆದರೆ ಒಂದು ಸಮುದಾಯದ ಮೊದಲ ಪದವೀಧರರು ನಮ್ಮ ಕಣ್ಣೆದುರೇ ಓಡಾಡುವ ವಯಸ್ಸಿನವರು ಎಂಬುದನ್ನು ಓದುಗರು ಒಂದು ಗಳಿಗೆ ನಿಂತು ಯೋಚಿಸಬೇಕು.

ಗೌಳಿಗರಿಗೆ ಆ ಪಟ್ಟಿಯ ಬಾಗಿಲೂ ತೆರೆದಿಲ್ಲ. ಅವರು ಬೇಡಿಕೆ ಇಡುತ್ತಲೇ ಇದ್ದಾರೆ.

ಅಂಕಿಗಳು ಇದನ್ನೆಲ್ಲ ಮುಚ್ಚಿಬಿಡುತ್ತವೆ. 2011ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ನೂರಕ್ಕೆ 75.36, ಬೆಳಗಾವಿ ಜಿಲ್ಲೆಯದು 73.48. ರಾಜ್ಯದ ಪರಿಶಿಷ್ಟ ಪಂಗಡಗಳದು 62.1, ಅವರ ಹೆಣ್ಣುಮಕ್ಕಳದು 53. ಈ 62ರೊಳಗೆ ದೊಡ್ಡ ಪಾಲು ನಾಯಕ ಸಮುದಾಯದ್ದು. ಬೆರಳೆಣಿಕೆಯ ಸಿದ್ದಿಗಳು ಆ ರಾಶಿಯಲ್ಲಿ ಕಾಣುವುದಿಲ್ಲ. ಪಟ್ಟಿಯಲ್ಲೇ ಇಲ್ಲದ ಗೌಳಿ ಹುಡುಗಿಯಂತೂ ಯಾವ ಸಾಲಿನಲ್ಲೂ ಇಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಬೆಳಗಾವಿ ಎಷ್ಟನೇ ಸ್ಥಾನ, ಚಿಕ್ಕೋಡಿ ಎಷ್ಟನೇ ಸ್ಥಾನ ಎಂದು ಪತ್ರಿಕೆ ತಿರುವುತ್ತೇವೆ. ಪರೀಕ್ಷೆಯ ಕೋಣೆಯವರೆಗೆ ಬರದೇ ಹೋದವರು ಆ ಸ್ಥಾನದ ಲೆಕ್ಕಕ್ಕೆ ಸೇರುವುದಿಲ್ಲ.

ಹಾಗಾದರೆ ಮುಂದೆ ಹೋದವರು ಹೇಗೆ ಹೋದರು? ಬೆಳಗಾವಿಯಲ್ಲೇ ಉತ್ತರ ಇದೆ. ನೂರು ವರ್ಷದ ಹಿಂದೆ ಇಲ್ಲಿಯ ಲಿಂಗಾಯತರು ತಾವು ವಿದ್ಯೆಯಲ್ಲಿ ಹಿಂದೆ ಬಿದ್ದವರೆಂದೇ ಹೇಳಿಕೊಳ್ಳುತ್ತಿದ್ದರು. ಸಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಂಡಾಗ ತಮ್ಮ ಸಂಸ್ಥಾನದ ಆಸ್ತಿಯನ್ನೇ ಮಕ್ಕಳ ಓದಿಗೆ ಬರೆದಿಟ್ಟಿದ್ದರು. 1916ರ ನವೆಂಬರ್ 13ರಂದು ಬಸವನಾಳ, ಸಾಖರೆ, ಕಟ್ಟೀಮನಿ, ಮಮದಾಪುರ, ಹಂಚಿನಾಳ, ಚಿಕ್ಕೋಡಿ, ಪಾಟೀಲ ಎಂಬ ಏಳು ಮಂದಿ ಕೂಡಿ ಒಂದು ಸಾಲಿ ತೆರೆದರು. ಜನ ಅವರನ್ನು ಸಪ್ತರ್ಷಿಗಳೆಂದರು. ಅದೇ ಕೆ.ಎಲ್.ಇ. ಸಂಸ್ಥೆ. 1933ರಲ್ಲಿ ಲಿಂಗರಾಜ ಕಾಲೇಜು ಬಂತು. ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮೀಜಿ ಹಳ್ಳಿ ಹುಡುಗರಿಗೆ ಉಚಿತ ಪ್ರಸಾದನಿಲಯ ನಡೆಸಿದರು. ಗಡಿಯಾಚೆ ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು 1901ರಿಂದಲೇ ಬೇರೆ ಬೇರೆ ಸಮುದಾಯಗಳಿಗೆ ಬೋರ್ಡಿಂಗು ಕಟ್ಟಿಸುತ್ತ ಬಂದರು, 1902ರಲ್ಲಿ ನೌಕರಿಯಲ್ಲಿ ಅರ್ಧ ಪಾಲು ಹಿಂದುಳಿದವರಿಗೆ ಮೀಸಲಿಟ್ಟರು. ಒಂದೆರಡು ತಲೆಮಾರಿನಲ್ಲೇ ಗುರುತು ಸಿಗದಷ್ಟು ಬದಲಾವಣೆ ಆಯಿತು. ಮಕ್ಕಳ ಮೆದುಳು ಬದಲಾಗಿರಲಿಲ್ಲ. ಸಾಲಿಯ ಹತ್ತಿರ ಒಂದು ಸೂರು, ಒಂದು ಪಂಕ್ತಿ ಊಟ, ತಮ್ಮವರೇ ಆದ ಮಾಸ್ತರು ಬಂದಿದ್ದರು. ಅಪ್ಪ ಹೇಳುತ್ತಿದ್ದುದು ಇದನ್ನೇ.

ಆದರೆ ಈ ದಾರಿಗೆ ಬರೆದಿಡಲು ಆಸ್ತಿ ಇದ್ದ ದೇಸಾಯಿ ಬೇಕಿತ್ತು, ಓದಿಕೊಂಡು ಮರಳಿ ಬಂದ ಏಳು ಮಂದಿ ಬೇಕಿತ್ತು, ಮಠ ಬೇಕಿತ್ತು. ಸಿದ್ದಿಗಳಲ್ಲಿ ದೇಸಾಯಿ ಎಲ್ಲಿಂದ ಬರಬೇಕು? ಎಮ್ಮೆಯ ಹಿಂದೆ ಕಾಡು ಸುತ್ತಿದ ಗೌಳಿಗರಲ್ಲಿ ಸಂಸ್ಥಾನ ಎಲ್ಲಿತ್ತು? ನಮ್ಮವರು ಕಟ್ಟಿಕೊಂಡರು, ಅವರೂ ಕಟ್ಟಿಕೊಳ್ಳಲಿ ಎಂಬ ಮಾತು ನಮ್ಮ ಕಡೆಯ ಕಟ್ಟೆಗಳಲ್ಲಿ ಕೇಳುತ್ತದೆ. ಮನೆಯ ಪಾಯಕ್ಕೆ ಕಲ್ಲೇ ಇಲ್ಲದವರಿಗೆ ಹೇಳುವ ಮಾತಲ್ಲ ಅದು.

ಅಮೆರಿಕದ ಶಿಕ್ಷಣ ಚಿಂತಕಿ ಗ್ಲೋರಿಯಾ ಲ್ಯಾಡ್ಸನ್ ಬಿಲ್ಲಿಂಗ್ಸ್ 2006ರಲ್ಲಿ ಒಂದು ಭಾಷಣದಲ್ಲಿ, ಕರಿಯ ಮತ್ತು ಬಿಳಿಯ ಮಕ್ಕಳ ಕಲಿಕೆಯ ಅಂತರ ಎಂದು ಮಾತಾಡುವುದನ್ನು ಬಿಟ್ಟು ಶಿಕ್ಷಣದ ಸಾಲ ಎಂದು ಮಾತಾಡೋಣ ಎಂದರು. ಒಂದು ವರ್ಷದ ಕೊರತೆ ಬೇರೆ. ವರ್ಷ ವರ್ಷದ ಕೊರತೆ ಕೂಡಿ ಆದ ಸಾಲ ಬೇರೆ. 1954ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಬಣ್ಣ ನೋಡಿ ಸಾಲಿ ಬೇರೆ ಮಾಡುವುದು ತಪ್ಪೆಂದಿತು. ತೀರ್ಪು ಬಂದ ದಿನವೇ ಹಿಂದಿನ ಬಾಕಿ ಚುಕ್ತಾ ಆಗಲಿಲ್ಲ. ಇದನ್ನು ಓದಿದಾಗ ನನಗೆ ಅಜ್ಜ ನೆನಪಾದ. ಸಾಲಿ, ಸಾಲ ಎಂಬ ಪದಗಳನ್ನು ಪಕ್ಕದಲ್ಲಿಟ್ಟು ನೋಡಲು ಅವನಿಗೆ ಅಮೆರಿಕ ಬೇಕಿರಲಿಲ್ಲ. ಚಕ್ರಬಡ್ಡಿ ಹೇಗೆ ಬೆಳೆಯುತ್ತದೆಂದು ಅವನಿಗೆ ಗೊತ್ತಿತ್ತು. ಓದದ ತಾಯಿಯ ಮಗಳಿಗೆ ಮನೆಪಾಠ ಹೇಳಿಕೊಡುವವರಿಲ್ಲ. ಅವಳು ಸಾಲಿ ಬಿಡುತ್ತಾಳೆ. ಅವಳ ಮಗಳಿಗೂ ಹೇಳಿಕೊಡುವವರಿಲ್ಲ.

ಬಡ್ಡಿಗೆ ಇನ್ನೂ ಎರಡು ಮೂಲಗಳಿವೆ. ಒಂದು, ಭಾಷೆ. ಖಾನಾಪುರದಲ್ಲಿ ಕನ್ನಡ ಸಾಲಿ, ಮರಾಠಿ ಸಾಲಿ ಎರಡೂ ಇವೆ. ನಾವು ಗಡಿಯ ಜನ ಇವೆರಡರ ಬಗ್ಗೆ ಬಹಳ ಜಗಳಾಡಿದ್ದೇವೆ. ವಾಡೆಯ ಮಗುವಿನ ಮನೆಮಾತು ಪುಸ್ತಕದ ಕನ್ನಡವೂ ಅಲ್ಲ, ಪುಸ್ತಕದ ಮರಾಠಿಯೂ ಅಲ್ಲ. ಮೊದಲ ವರ್ಷ ಅದು ಸುಮ್ಮನೆ ಕೂತಿರುತ್ತದೆ, ಮಾಸ್ತರರು ಅದನ್ನು ದಡ್ಡ ಎಂದು ತಿಳಿಯುತ್ತಾರೆ. ಕನ್ನಡದ ಮೇಲೆ ಪ್ರೀತಿ ಇರುವ ನಾನೇ ಹೇಳುತ್ತೇನೆ: ಆ ಮಗುವಿನ ಮಾತು ಬಲ್ಲ ಒಬ್ಬ ಅಕ್ಕನನ್ನು ಒಂದನೆಯ ತರಗತಿಯಲ್ಲಿ ಕೂರಿಸಿದರೆ ಕನ್ನಡ ಬೇಗ ಒಲಿಯುತ್ತದೆ.

ಎರಡನೆಯದು ಮಳೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ನಿಯಮದಂತೆ ಕಿರಿಯ ಪ್ರಾಥಮಿಕ ಸಾಲಿ 1 ಕಿ.ಮೀ. ಒಳಗೆ, ಹಿರಿಯದು 3 ಕಿ.ಮೀ. ಒಳಗೆ ಇರಬೇಕು. ಮಲಪ್ರಭೆ ಹುಟ್ಟುವ ಕಣಕುಂಬಿ, ಮಹದಾಯಿ ಹುಟ್ಟುವ ದೇಗಾಂವ್ ಇರುವ ಈ ಸೀಮೆಯಲ್ಲಿ 3 ಕಿ.ಮೀ. ಅಂದರೆ ನಡುವೆ ಹಳ್ಳ, ಕರಡಿ ಓಡಾಡುವ ದಾರಿ. ಸಾಲಿ ಶುರುವಾಗುವ ಹೊತ್ತಿಗೇ ಮಳೆಯೂ ಶುರುವಾಗಿ ಹಳ್ಳ ತುಂಬುತ್ತದೆ. ಈ ನಡುವೆ ಭೀಮಗಡದೊಳಗಿನ ತಳೇವಾಡಿಯ ಕುಟುಂಬಗಳು ಪರಿಹಾರ ಪಡೆದು ಕಾಡಿನಿಂದ ಹೊರಬರಲು ಒಪ್ಪಿದವು. ಅವರ ಮಕ್ಕಳ ಹೆಸರು ಯಾವ ಸಾಲಿಯ ಹಾಜರಿಗೆ ಸೇರುತ್ತದೆಂದು ಪರಿಹಾರದ ಕಾಗದದಷ್ಟೇ ಕಾಳಜಿಯಿಂದ ಯಾರಾದರೂ ನೋಡಬೇಕು.

ಅಜ್ಜನ ಸಾಲದ ಕಾಗದದಲ್ಲಿ ಕೊಟ್ಟವನ ಹೆಸರು, ಪಡೆದವನ ಹೆಸರು, ಮೊತ್ತ, ಗಡುವು ಎಲ್ಲ ಇದ್ದವು. ಈ ಸಾಲಕ್ಕೆ ಕಾಗದವೇ ಇಲ್ಲ. ಮೊದಲು ಅದನ್ನು ಬರೆಯಬೇಕು. ಜಿಲ್ಲಾ ಪಂಚಾಯಿತಿ, ಶಿಕ್ಷಣ ಇಲಾಖೆ ಮತ್ತು ಬೆಳಗಾವಿಯ ಓದಿದ ಜನರಲ್ಲಿ ನನ್ನದೊಂದು ಬೇಡಿಕೆ: ಖಾನಾಪುರ ತಾಲ್ಲೂಕಿನಲ್ಲಿ ಸಿದ್ದಿ ಮಕ್ಕಳು ಎಷ್ಟು, ಗೌಳಿ ಮಕ್ಕಳು ಎಷ್ಟು, ಅವರಲ್ಲಿ ಐದನೆಯ, ಎಂಟನೆಯ, ಹತ್ತನೆಯ ತರಗತಿ ಮುಟ್ಟಿದವರು ಎಷ್ಟು ಎಂದು ಬರೆದು ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಹಚ್ಚಿ. ಮುಂದಿನ ಮಳೆಗೆ ಮೊದಲು ಜಾಂಬೋಟಿ, ಕಣಕುಂಬಿ ಕಡೆ ಆ ಮಕ್ಕಳಿಗಾಗಿ ಒಂದು ಬೋರ್ಡಿಂಗಿನ ಬಾಗಿಲು ತೆರೆಯಿರಿ. ಎರಡು ಹೊತ್ತು ಊಟ, ಚಾಪೆ ಹಾಸುವಷ್ಟು ಜಾಗ, ಓದಲು ಬೆಳಕು ಇರಲಿ. ಅಪ್ಪನಿಗೆ ಸಿಕ್ಕಿದ್ದು ಅಷ್ಟೇ.